ಅವ್ವನಿಗೆ ಶುರುವಾದ ವಯಸ್ಸು

ಕಿರಂಗೂರು
೧೪ ಜೂನ್ ೨೦೨೩

ಅಣ್ಣ,

ಕವರಿನ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ಇದನ್ನು ಬೆಂಕಿಗೆ ಹಾಕಬೇಡ. ಹನ್ನೊಂದು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಫೋನು ಮಾಡೋಣವೆಂದರೆ ಸುತ್ತಿಗೆಯ ಸದ್ದು ನಿನ್ನ ಕಿವಿಯನ್ನು ತಿಂದುಹಾಕಿದೆ. ವಾಟ್ಸಾಪಿಗೆ ಹಾಕಿದರೆ ನಿನಗಿಂತ ಮುಂಚೆ ನಿನ್ನ ಮಗಳು ಧನುಶ್ರೀ ಓದುತ್ತಾಳೆ. ಅದಕ್ಕೇ ಕಾಗದ.

ಮೊನ್ನೆ ಪಾಂಡವಪುರದ ಮದುವೆಯಲ್ಲಿ ನಿನ್ನನ್ನು ದೂರದಿಂದ ನೋಡಿದೆ. ಮೊದಲು ಬೇರೆ ಯಾರೋ ಅಂದುಕೊಂಡೆ. ಅಂಗಿ ಗೂಟಕ್ಕೆ ತಗುಲಿಹಾಕಿದ ಹಾಗೆ ಭುಜದಿಂದ ಜೋಲುತ್ತಿತ್ತು. ಊಟಕ್ಕೆ ನನ್ನ ಎದುರು ಸಾಲಿನಲ್ಲೇ ಕೂತಿದ್ದೆ. ಎಲೆಗೆ ಬಡಿಸಿದ್ದನ್ನು ಬೆರಳಲ್ಲಿ ಅತ್ತಿತ್ತ ತಳ್ಳಿ, ಸಾಲಿನವರ ಊಟ ಮುಗಿಯುವ ಮೊದಲೇ ಎರಡು ಸಲ ಎದ್ದು ಛತ್ರದ ಹಿಂದಕ್ಕೆ ಹೋದೆ. ಎರಡನೇ ಸಲ ಬಂದವನು ಗೋಡೆ ಹಿಡಿದು ನಿಂತೆ. ಯಾರಾದರೂ ನೋಡುತ್ತಾರೇನೋ ಎಂದು ಆಚೀಚೆ ಕಣ್ಣಾಡಿಸಿದೆ. ನಾನು ನೋಡಿದೆ.

ಕೈ ತೊಳೆಯುವ ಕಡೆ ಸುಧ ಅತ್ತಿಗೆಯನ್ನು ನಿಲ್ಲಿಸಿ ಕೇಳಿದೆ. ನಿನ್ನ ಮೇಲಿನ ಭಯಕ್ಕೆ ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದರು: ಆರು ತಿಂಗಳಿಂದ ಹೊಟ್ಟೆ ನೆಟ್ಟಗಿಲ್ಲ, ಒಂದು ವಾರ ಕಟ್ಟಿಕೊಳ್ಳುತ್ತದೆ, ಇನ್ನೊಂದು ವಾರ ನಿಲ್ಲುವುದೇ ಇಲ್ಲ, ಮುದ್ದೆ ಕಂಡರೆ ಮುಖ ತಿರುಗಿಸುತ್ತಾರೆ, ಪೇಟೆಯ ಹಳೇ ಡಾಕ್ಟರು ಗ್ಯಾಸಿನ ಮಾತ್ರೆ ಕೊಡುತ್ತಲೇ ಇದ್ದಾರೆ ಎಂದು.

ಅದೇ ಡಾಕ್ಟರು, ಅಣ್ಣ. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಒಂದೇ ಒಂದು ಸಲ ಇನ್ನೊಬ್ಬರಿಗೆ ತೋರಿಸು. ಒಂಬತ್ತು ವರ್ಷದಿಂದ ಈ ಊರಿನ ಆಶಾ ಕಾರ್ಯಕರ್ತೆಯ ಕೆಲಸ ಮಾಡುತ್ತಿದ್ದೇನೆ. ಎಷ್ಟೋ ಜನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ಮೈಸೂರಿನಲ್ಲಿ ಹೊಟ್ಟೆಯದನ್ನೇ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ. ಬೈಯುವುದಿಲ್ಲ, ಅವಸರ ಮಾಡುವುದಿಲ್ಲ. ಯಾವತ್ತು ಬರುತ್ತೀಯ ಎಂದು ಒಂದು ಸಾಲು ಬರೆ, ಸಾಕು.

ನಿನ್ನ ತಂಗಿ
ಪ್ರಮೀಳಾ


ಅಕ್ಕಿಹೆಬ್ಬಾಳು
೨ ಜುಲೈ ೨೦೨೩

ಪ್ರಮೀಳಾ,

ನಿನ್ನ ಕಾಗದ ತಲುಪಿತು. ಸುಧ ನಿನಗೆ ಹೇಳಿದ್ದು ತಪ್ಪು. ಅವಳಿಗೂ ಅದನ್ನೇ ಹೇಳಿದ್ದೇನೆ.

ನನಗಿರುವುದು ಗ್ಯಾಸು. ಜೊತೆಗೆ ಸ್ವಲ್ಪ ಮೂಲವ್ಯಾಧಿ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಬೆಂಕಿಯ ಮುಂದೆ ಕೂತು ಕೆಲಸ ಮಾಡುವವರಿಗೆ ಇದೆಲ್ಲ ಬರುವುದೇ. ಅವರು ಅಪ್ಪನ ಕಾಲದಿಂದ ನಮ್ಮ ಮನೆಯವರನ್ನು ನೋಡಿದವರು. ಅವರನ್ನು ಬಿಟ್ಟು ಇನ್ನೊಬ್ಬರ ಬಾಗಿಲಿಗೆ ಹೋಗುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ನಾಟಿಯ ಕಾಲ ಬರುತ್ತಿದೆ, ಹದ ಹಿಡಿಯಬೇಕಾದ ಗುದ್ದಲಿ, ನೇಗಿಲ ಗುಳಗಳು ಕುಲುಮೆಯ ಮುಂದೆ ರಾಶಿ ಬಿದ್ದಿವೆ.

ನೀನು ಹೆಚ್ಚು ಬರೆಯುವುದಿಲ್ಲ ಎಂದು ಬರೆದೆ. ಬರೆಯುವ ಅಗತ್ಯವೂ ಇಲ್ಲ. ಅವ್ವನ ಹನ್ನೊಂದನೇ ದಿನ, ನೆಂಟರೆಲ್ಲ ಪಡಸಾಲೆಯಲ್ಲಿ ಕೂತಿದ್ದಾಗ, ನೀನು ಎದ್ದು ನಿಂತು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ: “ಅವ್ವನ್ನ ಕೊಂದೋನು ನೀನೇ ಕಣಣ್ಣ. ಇನ್ನೊಬ್ಬ ಡಾಕ್ಟ್ರಿಗೆ ತೋರ್ಸಕ್ಕೂ ಯೋಗ್ಯತೆ ಇಲ್ದೋಗಿ ಕೊಂದ್ಬುಟ್ಟೆ.” ಆಗ ನನ್ನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಮೂರು ತಿಂಗಳು ಅವ್ವನಿಗೆ ಅವರ ಮಾತ್ರೆ ಕೊಟ್ಟವನು ನಾನೇ. ಅದನ್ನು ಇಲ್ಲವೆನ್ನುವುದಿಲ್ಲ. ಇನ್ನು ಈ ವಿಚಾರ ಸಾಕು.

ಕೃಷ್ಣ


ಕಿರಂಗೂರು
೧೦ ಜುಲೈ ೨೦೨೩

ಅಣ್ಣ,

ಆ ಮಾತು ಆಡಿದ್ದು ನಿಜ. ಆಡಬಾರದಿತ್ತು. ಅದನ್ನು ಕುರಿತು ಹೇಳಬೇಕಾದ್ದು ಬೇರೆಯೂ ಇದೆ, ಈಗ ಕೈ ಬರುತ್ತಿಲ್ಲ.

ನಿನ್ನನ್ನು ಮೈಸೂರಿಗೆ ಬಾ ಎಂದು ಈ ಸಲ ಕರೆಯುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ. ಹೌದು ಅಥವಾ ಇಲ್ಲ ಎಂದು ಬರೆ. ಆಚೆಗೆ ಹೋದಾಗ ರಕ್ತ ಬೀಳುತ್ತಿದೆಯಾ?

ಪ್ರಮೀಳಾ


ಅಕ್ಕಿಹೆಬ್ಬಾಳು
೪ ಆಗಸ್ಟ್ ೨೦೨೩

ಪ್ರಮೀಳಾ,

ಹೌದು.

ಇಷ್ಟೇ ಬರೆದು ಕವರಿಗೆ ಅಂಟು ಹಚ್ಚಿದ್ದೆ. ಆಮೇಲೆ ಮತ್ತೆ ಬಿಚ್ಚಿದೆ.

ಸಂಕ್ರಾಂತಿ ಆದಮೇಲೆ ಶುರುವಾಯಿತು. ಮೊದಲು ತಿಂಗಳಿಗೊಮ್ಮೆ, ಈಗ ದಿನ ಬಿಟ್ಟು ದಿನ. ಕೆಂಪಗಿದ್ದದ್ದು ಈಗೀಗ ಕಪ್ಪಾಗಿದೆ. ಡಾಕ್ಟರಿಗೆ ಹೇಳಿದೆ, ಮೂಲವ್ಯಾಧಿ ಎಂದರು, ಮುಟ್ಟಿ ನೋಡಲಿಲ್ಲ. ಸುಧಳಿಗೆ ಹೇಳಿಲ್ಲ. ದೊಡ್ಡ ಸುತ್ತಿಗೆ ಎತ್ತಿದರೆ ಮೂರನೇ ಏಟಿಗೆ ಕಣ್ಣು ಕತ್ತಲೆ ಬರುತ್ತದೆ. ಕುಡುಗೋಲಿಗೆ ಹಲ್ಲು ಹಾಕುವಂಥ ಕೂತು ಮಾಡುವ ಕೆಲಸ ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನು ಪೇಟೆಗೆ ಕಳಿಸುತ್ತಿದ್ದೇನೆ.

ನಾನು ಯಾಕೆ ಬರುವುದಿಲ್ಲವೆಂದು ನಿನಗೆ ಗೊತ್ತಾಗಿದೆಯೋ ಇಲ್ಲವೋ. ಸಾಯುವ ಭಯ ಇದೆ, ಯಾರಿಗಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಆ ಡಾಕ್ಟರಮ್ಮ ಒಂದು ದಿನದಲ್ಲಿ ನನ್ನೊಳಗೆ ಏನೋ ಇದೆ ಎಂದು ಕಂಡುಹಿಡಿದರೆ, ಅವ್ವನೊಳಗೆ ಇದ್ದದ್ದನ್ನೂ ಹಾಗೇ ಕಂಡುಹಿಡಿಯಬಹುದಿತ್ತು ಎಂದಾಗುತ್ತದೆ. ಆಗ ನೀನು ಪಡಸಾಲೆಯಲ್ಲಿ ಆಡಿದ ಮಾತು ನಿಜವಾಗುತ್ತದೆ. ಅವ್ವನಿಗೆ ಗ್ಯಾಸೇ ಇತ್ತು, ವಿಧಿ ಬಂದಿತ್ತು, ಹೋದಳು ಎಂದುಕೊಂಡು ಹನ್ನೊಂದು ವರ್ಷ ನಿದ್ದೆ ಮಾಡಿದ್ದೇನೆ. ಆ ನಿದ್ದೆಯನ್ನು ಈಗ ಕಳೆದುಕೊಳ್ಳಲಾರೆ.

ಅದಕ್ಕೇ ಬೇಡ ಎಂದದ್ದು.

ಕೃಷ್ಣ


ಕಿರಂಗೂರು
೯ ಆಗಸ್ಟ್ ೨೦೨೩

ಅಣ್ಣ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವ್ವನ ವಿಷಯದಲ್ಲಿ ನೀನು ತಿಳಿದುಕೊಂಡಿರುವುದು ಪೂರ್ತಿ ಸರಿಯಲ್ಲ. ಅದನ್ನು ಎದುರಿಗೆ ಹೇಳುತ್ತೇನೆ.

ಹದಿನೇಳನೇ ತಾರೀಕು ಗುರುವಾರ ಡಾಕ್ಟರಮ್ಮನ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಬೆಳಗಿನ ರೈಲು ಹತ್ತು. ಮೈಸೂರು ಸ್ಟೇಷನ್ನಿನ ಬಾಗಿಲಲ್ಲಿ ನಿಂತಿರುತ್ತೇನೆ. ಏನನ್ನೂ ತರಬೇಡ, ಹಳೇ ಚೀಟಿಗಳನ್ನು ಮಾತ್ರ ತಾ.

ಪ್ರಮೀಳಾ


ಅಕ್ಕಿಹೆಬ್ಬಾಳು
೩ ಸೆಪ್ಟೆಂಬರ್ ೨೦೨೩

ಪ್ರಮೀಳಾ,

ಅವತ್ತು ನೀನು ಮಧ್ಯಾಹ್ನದವರೆಗೆ ಸ್ಟೇಷನ್ನಿನಲ್ಲಿ ಕಾದೆಯಂತೆ. ಸುಧಳಿಗೆ ಫೋನು ಮಾಡಿದಾಗ ಅಳುತ್ತಿದ್ದೆಯಂತೆ. ನಾನು ರೈಲು ಹತ್ತಿದ್ದೆ. ಕಿಟಕಿಯ ಪಕ್ಕ ಕೂತು ಕೆ.ಆರ್. ನಗರದವರೆಗೂ ಬಂದೆ. ಅಲ್ಲಿ ರೈಲು ನಿಂತಾಗ ಕಾಲು ತಾನಾಗಿಯೇ ಇಳಿಯಿತು. ರೈಲು ಹೊರಟು ಹೋಗುವುದನ್ನು ಬೆಂಚಿನ ಮೇಲೆ ಕೂತು ನೋಡಿದೆ. ನಲವತ್ತೇಳು ವರ್ಷದ ಗಂಡಸು ಶಾಲೆಗೆ ಚಕ್ಕರ್ ಹೊಡೆದ ಹುಡುಗನ ಹಾಗೆ ಕೂತಿದ್ದೆ. ನಾಚಿಕೆಯಾಗುತ್ತದೆ.

ಮನೆಗೆ ಬಂದಾಗ ಸುಧಳಿಗೆ ಎಲ್ಲ ಗೊತ್ತಾಗಿತ್ತು. ನೀನು ಹೇಳಿದ್ದೆ. ಜಗಳ ಮಾಡುತ್ತಾಳೆ ಅಂದುಕೊಂಡೆ. ಹತ್ತಿರ ಬಂದು ಕೂತು, ನನಗೆ ಕೇಳುವ ಎಡಗಿವಿಗೆ ಬಾಯಿಟ್ಟು ಹೇಳಿದಳು: “ನೀವು ಎದ್ರುಕೊಂಡಿರೋದು ನಂಗೊತ್ತು. ನಂಗೂ ಎದ್ರಿಕೆ ಆಯ್ತದೆ. ಇಬ್ರೂ ಎದ್ರುಕೊಂಡೇ ಓಗ್ಬುಟ್ಟು ಬರವ, ಏಳಿ.”

ಮರುವಾರ ಹೋದೆವು. ಡಾಕ್ಟರಮ್ಮ ಹಳೇ ಚೀಟಿಗಳನ್ನೆಲ್ಲ ಒಂದೊಂದಾಗಿ ಓದಿ ಪಕ್ಕಕ್ಕಿಟ್ಟರು. ಅವುಗಳ ಬಗ್ಗೆ ಕೆಟ್ಟದ್ದು ಒಳ್ಳೆಯದು ಏನೂ ಹೇಳಲಿಲ್ಲ. ಹೊಟ್ಟೆ ಮುಟ್ಟಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಹದಿಮೂರರ ಮೇಲಿರಬೇಕಾದ ರಕ್ತ ಏಳಕ್ಕೆ ಇಳಿದಿತ್ತು. ಅವತ್ತೇ ಅಡ್ಮಿಟ್ ಮಾಡಿ ರಕ್ತ ಏರಿಸಿದರು. ಮಾರನೇ ದಿನ ಹೊಟ್ಟೆ ತೊಳೆಯುವ ಉಪ್ಪುಪ್ಪು ನೀರು ಕುಡಿಸಿ, ಅದರ ಮಾರನೇ ದಿನ ಕ್ಯಾಮೆರಾ ಬಿಟ್ಟು ನೋಡಿದರು. ದೊಡ್ಡ ಕರುಳಿನಲ್ಲಿ ಗಂಟು. ಚೂರು ತೆಗೆದು ಕಳಿಸಿದ್ದರ ರಿಪೋರ್ಟು ನಿನ್ನೆ ಬಂತು.

ಆ ರೋಗದ ಹೆಸರು ಬರೆಯುವುದಿಲ್ಲ. ನಿನಗೆ ಗೊತ್ತಾಗಿರುತ್ತದೆ. ಇದೇ ಹದಿನೆಂಟಕ್ಕೆ ಆಪರೇಷನ್.

ನೀನು ಅಲ್ಲಿರಬೇಕೆಂದು ಸುಧ ಹೇಳುತ್ತಿದ್ದಾಳೆ. ನಾನೂ ಹೇಳುತ್ತಿದ್ದೇನೆ.

ಅಣ್ಣ


ಅಕ್ಕಿಹೆಬ್ಬಾಳು
೨೨ ಅಕ್ಟೋಬರ್ ೨೦೨೩

ಪ್ರಮೀಳಾ,

ಮನೆಗೆ ಬಂದು ಮೂರು ವಾರದ ಮೇಲಾಯಿತು. ನೀನು ಆಸ್ಪತ್ರೆಯಲ್ಲಿ ಎಂಟು ದಿನ ನನ್ನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದ್ದನ್ನು ಸುಧ ಕಂಡಕಂಡವರಿಗೆಲ್ಲ ಹೇಳುತ್ತಿದ್ದಾಳೆ. ಕರುಳನ್ನು ಒಂದು ಗೇಣು ಕತ್ತರಿಸಿ ಜೋಡಿಸಿದ್ದಾರೆ. ಪಕ್ಕದ ಎರಡು ಗ್ರಂಥಿಗೂ ತಾಗಿತ್ತಂತೆ, ಅದಕ್ಕೆ ಆರು ತಿಂಗಳು ಕಿಮೋ. ಮೊದಲನೆಯದು ಆಯಿತು. ತಣ್ಣೀರು ಮುಟ್ಟಿದರೆ ಬೆರಳಿಗೆಲ್ಲ ಮುಳ್ಳು ಹೊಕ್ಕ ಹಾಗಾಗುತ್ತದೆ. ಕಾದ ಕಬ್ಬಿಣಕ್ಕೆ ಅಂಜದ ಕೈ ಚೆಂಬಿನ ನೀರಿಗೆ ಅಂಜುತ್ತಿದೆ. ಉಳಿಯುತ್ತೇನೋ ಇಲ್ಲವೋ ಎಂದು ಕೇಳಿದೆ. ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. ಉಳಿಯುವ ಕಡೆಯೇ ತಕ್ಕಡಿ ಹೆಚ್ಚು ವಾಲಿದೆ ಎಂದರು.

ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಬಿಡುಗಡೆಯಾಗುವ ಹಿಂದಿನ ದಿನ ಅವರು ನಮ್ಮ ಮನೆತನದಲ್ಲಿ ಇನ್ಯಾರಿಗೆ ಹೀಗಾಗಿತ್ತು ಎಂದು ಕೇಳಿದರಲ್ಲ, ನೀನು ನೀರು ತರುತ್ತೇನೆಂದು ಬಾಟಲಿ ಹಿಡಿದುಕೊಂಡು ಎದ್ದು ಹೋದೆ. ಬಾಟಲಿ ತುಂಬಿತ್ತು. ಅರ್ಧ ಗಂಟೆ ನೀನು ಬರಲಿಲ್ಲ.

ನಾನು ಅವ್ವನ ವಿಚಾರ ಹೇಳಿದೆ. ಐವತ್ತನಾಲ್ಕಕ್ಕೆ ಹೋದಳು, ಅದಕ್ಕೆ ಮೂರು ತಿಂಗಳು ಮುಂಚೆ ಶುರುವಾಯಿತು ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಇದು ಮೂರು ತಿಂಗಳ ರೋಗವಲ್ಲ, ಮನೆಯಲ್ಲಿ ಯಾರಿಗಾದರೂ ಮುಂಚೆಯೇ ಗೊತ್ತಿತ್ತಾ ಕೇಳಿ ಎಂದರು. ಐವತ್ತರ ಒಳಗೇ ಶುರುವಾಗಿದ್ದರೆ ಇದು ಮನೆತನದಲ್ಲೇ ಹರಿದು ಬಂದಿರುವ ಸಂಭವ ಹೆಚ್ಚಂತೆ. ಆಗ ನನ್ನ ಮಗಳು, ನಿನ್ನ ಮಗ ಗಿರೀಶ, ಎಲ್ಲರೂ ಚಿಕ್ಕ ವಯಸ್ಸಿನಲ್ಲೇ ತೋರಿಸಿಕೊಳ್ಳಬೇಕು. ನೀನಂತೂ ಈಗಲೇ ಕ್ಯಾಮೆರಾ ಹಾಕಿಸಿಕೊಳ್ಳಬೇಕು.

ಅವ್ವ ಹೆಣ್ಣುಮಕ್ಕಳ ಹತ್ತಿರ ಹೇಳಿಕೊಂಡಿರಬಹುದು ಎಂದು ಸುಧ ಹೇಳುತ್ತಾಳೆ. ನಿನಗೆ ಏನಾದರೂ ಗೊತ್ತೇ?

ಅಣ್ಣ


ಅಕ್ಕಿಹೆಬ್ಬಾಳು
೩೦ ನವೆಂಬರ್ ೨೦೨೩

ಪ್ರಮೀಳಾ,

ಐದು ವಾರವಾಯಿತು. ಉತ್ತರವಿಲ್ಲ. ಧನುಶ್ರೀ ಫೋನು ಮಾಡಿದರೆ ಸರ್ವೆಗೆ ಹೋಗಿದ್ದೇನೆ, ಮೀಟಿಂಗಿನಲ್ಲಿದ್ದೇನೆ ಎನ್ನುತ್ತೀಯಂತೆ. ನಿನಗೆ ಡಾಕ್ಟರಮ್ಮ ಕೊಟ್ಟಿದ್ದ ತಾರೀಕಿಗೂ ನೀನು ಹೋಗಲಿಲ್ಲವಂತೆ. ಕಿಮೋಗೆ ಹೋದಾಗ ಅವರೇ ಕೇಳಿದರು.

ಹೆದರಿಕೆಯಾದರೆ ಹೆದರಿಕೆ ಎಂದು ಬರೆ. ನಾನು ನಗುವುದಿಲ್ಲ. ನಿನ್ನ ಹೊಟ್ಟೆಯಲ್ಲೂ ಏನಾದರೂ ಆಗುತ್ತಿದೆಯೇ? ಅಷ್ಟನ್ನಾದರೂ ಬರೆ.

ಅಣ್ಣ


ಕಿರಂಗೂರು
೧೭ ಡಿಸೆಂಬರ್ ೨೦೨೩

ಅಣ್ಣ,

ನನ್ನ ಹೊಟ್ಟೆಯಲ್ಲಿ ನೋವಿಲ್ಲ, ರಕ್ತವಿಲ್ಲ. ಇರುವುದು ಬೇರೆ. ಈ ಕಾಗದವನ್ನು ಐದು ಸಲ ಬರೆದು ಹರಿದಿದ್ದೇನೆ. ಸುತ್ತಿ ಬಳಸದೆ ಬರೆಯುತ್ತೇನೆ.

ಅವ್ವನಿಗೆ ಶುರುವಾದಾಗ ನಲವತ್ತೊಂಬತ್ತು.

ಗಿರೀಶ ಹುಟ್ಟಿದಾಗ ಬಾಣಂತನಕ್ಕೆಂದು ಅವ್ವ ಇಲ್ಲಿಗೆ ಬಂದು ಮೂರು ತಿಂಗಳಿದ್ದಳಲ್ಲ, ಆಗಲೇ. ಒಂದು ದಿನ ಹಿತ್ತಲ ಕಲ್ಲಿನ ಮೇಲೆ ತನ್ನ ಬಟ್ಟೆಯನ್ನು ತಾನೇ ಉಜ್ಜುತ್ತಿದ್ದಳು. ಮುಟ್ಟು ನಿಂತು ಎರಡು ವರ್ಷವಾಗಿತ್ತು ಎಂದು ನನಗೆ ಗೊತ್ತಿತ್ತು. ಕಲ್ಲಿನಿಂದ ಇಳಿಯುತ್ತಿದ್ದ ನೀರಿನ ಬಣ್ಣ ನೋಡಿ ಏನವ್ವ ಇದು ಎಂದೆ. ಹಿಂದಿನಿಂದ ಬೀಳುತ್ತಿದೆ, ಮೂರ್ನಾಲ್ಕು ತಿಂಗಳಾಯಿತು ಎಂದಳು. ನಾನು ಅಣ್ಣನಿಗೆ ಹೇಳುತ್ತೇನೆ ಎಂದೆ. ತೊಟ್ಟಿಲ ಹತ್ತಿರ ಎಳೆದುಕೊಂಡು ಹೋಗಿ ನನ್ನ ಕೈಯನ್ನು ಮಗುವಿನ ತಲೆಯ ಮೇಲಿಟ್ಟಳು. “ಯಾರ್ಗೂ ಏಳ್ಬ್ಯಾಡ ಕಣವ್ವ. ನಿಮ್ಮಣ್ಣಂಗೆ ಗೊತ್ತಾದ್ರೆ ಕುಲ್ಮೆ ಬುಟ್ಬುಟ್ಟು ನನ್ನ ಆಸ್ಪತ್ರೆ ಆಸ್ಪತ್ರೆಗೆ ಒತ್ಕೊಂಡು ತಿರುಗ್ತಾನೆ. ಅವ್ನು ಸುಮ್ಕೆ ಇರೋನಲ್ಲ.” ಹಾಗೆಂದಳು.

ಅವ್ವನಿಗೆ ಗೊತ್ತಿತ್ತು, ಅಣ್ಣ. ನೀನು ಸುಮ್ಮನೆ ಇರುವವನಲ್ಲ ಎಂದು. ಸುಮ್ಮನಿದ್ದವಳು ನಾನು.

ಮಗುವಿನ ತಲೆ ಮುಟ್ಟಿದ್ದೆ, ಮಗುವಿಗೆ ಏನಾದರೂ ಆದರೆ ಎಂಬ ಭಯ ಮೊದಲು. ಆಮೇಲೆ ಒಂದು ವರ್ಷವಾಯಿತು, ಎರಡು ವರ್ಷವಾಯಿತು, ಅವ್ವ ಓಡಾಡಿಕೊಂಡೇ ಇದ್ದಳು, ಏನೂ ಆಗಲಾರದು ಎಂದುಕೊಂಡೆ. ಬಂದಾಗೆಲ್ಲ ಕಣ್ಣಲ್ಲೇ ಕೇಳುತ್ತಿದ್ದೆ, ಅವಳು ಕಣ್ಣಲ್ಲೇ ಸುಮ್ಮನಿರು ಎನ್ನುತ್ತಿದ್ದಳು. ಐದು ವರ್ಷ ಹೀಗೆ. ನೀನು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವಳು ಅವರಿಗೂ ರಕ್ತದ ವಿಚಾರ ಹೇಳಿರಲಾರಳು. ಹೇಳದಿದ್ದರೆ ಅವರಿಗೆ ಗ್ಯಾಸೆಂದು ಕಾಣದೆ ಇನ್ನೇನು ಕಾಣಬೇಕು?

ಹನ್ನೊಂದನೇ ದಿನ ಯಾರೋ ನೆಂಟರು, ಪ್ರಮೀಳಾ, ನಿನಗಾದ್ರೂ ನಿಮ್ಮವ್ವ ಏನೂ ಹೇಳಿರಲಿಲ್ವ ಎಂದು ಕೇಳಿದರು. ನೀನು ಒಳಗಿದ್ದೆ, ನಿನಗೆ ಅದು ಗೊತ್ತಿಲ್ಲ. ಅಷ್ಟರಲ್ಲಿ ನೀನು ಬಾಗಿಲಿಗೆ ಬಂದೆ. ಮುಂದಿನ ಪ್ರಶ್ನೆ ಬರುವುದರೊಳಗೆ ಎದ್ದು ನಿಂತು ನಿನ್ನ ಮೇಲೆ ಕೂಗಿದೆ. ಆಮೇಲೆ ಯಾರೂ ನನ್ನನ್ನು ಕೇಳಲಿಲ್ಲ.

ಊರಿನ ಹೆಂಗಸರಿಗೆಲ್ಲ ಮುಚ್ಚಿಡಬೇಡಿ, ಮುಚ್ಚಿಡಬೇಡಿ ಎಂದು ಮನೆಮನೆಗೆ ಹೋಗಿ ಹೇಳುತ್ತೇನೆ. ಕೇಳಿದವರು ಎಷ್ಟು ಒಳ್ಳೆಯ ಆಶಾ ಅಕ್ಕ ಎನ್ನುತ್ತಾರೆ.

ಆ ಆಸ್ಪತ್ರೆಗೆ ಹೋದರೆ ನನ್ನನ್ನು ಮೊದಲು ಕೇಳುವುದೇ ಅವ್ವನ ವಿಚಾರ. ಅದಕ್ಕೇ ಹೋಗಿಲ್ಲ. ನಮ್ಮ ಯಜಮಾನರಿಗೂ ಇದು ಗೊತ್ತಿಲ್ಲ. ವಯಸ್ಸನ್ನು ನೀನೇ ಡಾಕ್ಟರಮ್ಮನಿಗೆ ಹೇಳಿಬಿಡು. ಮಕ್ಕಳು ತೋರಿಸಿಕೊಳ್ಳಲಿ. ನನ್ನದು ಏನಾದರೂ ಆಗಲಿ.

ನೀನು ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಪ್ರಮೀಳಾ


ಅಕ್ಕಿಹೆಬ್ಬಾಳು
೧೮ ಜನವರಿ ೨೦೨೪

ಪ್ರಮೀಳಾ,

ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಓದಿದ ದಿನ ಕುಲುಮೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿಮೋ ಮುಗಿಯುವವರೆಗೆ ಸುತ್ತಿಗೆ ಮುಟ್ಟಬಾರದು ಎಂದಿದ್ದಾರೆ. ಮುಟ್ಟಿದೆ. ತಣ್ಣಗಿನ ಕಬ್ಬಿಣವನ್ನೇ ಬಡಿದೆ. ಸುಧ ಬಂದು ಕಸಿದುಕೊಂಡಳು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ. ಬರಲಿಲ್ಲ. ಹನ್ನೊಂದು ವರ್ಷ ನೆಂಟರ ಮನೆಗಳಲ್ಲಿ ತಲೆ ತಗ್ಗಿಸಿ ಊಟ ಮಾಡಿದ್ದೇನೆ. ಅವ್ವನ ಎಡೆ ಇಡುವ ದಿನ ಮನೆಯಲ್ಲಿ ಎಲ್ಲರ ಕಣ್ಣು ತಪ್ಪಿಸಿದ್ದೇನೆ. ನೀನು ಒಂದು ಸಲ, ಒಂದೇ ಸಲ ಬಾಯಿ ಬಿಟ್ಟಿದ್ದರೆ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಇಪ್ಪತ್ತಾರು ವರ್ಷದ ಬಾಣಂತಿ, ಅವ್ವನೇ ಕೈ ಹಿಡಿದು ಆಣೆ ಹಾಕಿಸಿದಾಗ ಏನು ಮಾಡಿಯಾಳು ಎಂದು ಸುಧ ಕೇಳುತ್ತಾಳೆ. ಅವಳು ಹೇಳುವುದೂ ಸರಿ. ಆದರೂ ಸಿಟ್ಟು ಹೋಗಿಲ್ಲ.

ಡಾಕ್ಟರಮ್ಮನಿಗೆ ನಲವತ್ತೊಂಬತ್ತು ಎಂದು ಹೇಳಿದೆ. ಯಾರು ಹೇಳಿದ್ದು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬರೆದುಕೊಂಡು, ನಿಮ್ಮ ತಂಗಿ ಇನ್ನೂ ಯಾಕೆ ಬಂದಿಲ್ಲ ಎಂದರು.

ಇಪ್ಪತ್ತೊಂಬತ್ತನೇ ತಾರೀಕು ಸೋಮವಾರಕ್ಕೆ ನಿನ್ನ ಹೆಸರು ಬರೆಸಿ ಬಂದಿದ್ದೇನೆ. ಹಿಂದಿನ ದಿನವೇ ಕಿರಂಗೂರಿಗೆ ಬಸ್ಸಿನಲ್ಲಿ ಬರುತ್ತೇನೆ, ಆ ಉಪ್ಪು ನೀರನ್ನು ನನ್ನ ಎದುರಿಗೇ ಕುಡಿಯಬೇಕು. ಬಾಗಿಲು ಹಾಕಿದ್ದರೆ ಹೊರಗೆ ಜಗಲಿಯ ಮೇಲೆ ಕೂತಿರುತ್ತೇನೆ. ನಿನ್ನ ಮೇಲೆ ನನಗೆ ಆಡಬೇಕಾದ ಜಗಳ ಬಹಳ ಇದೆ, ಪ್ರಮೀಳಾ. ಎಷ್ಟು ವರ್ಷ ಬೇಕಾಗುತ್ತದೋ ಗೊತ್ತಿಲ್ಲ. ಅದಕ್ಕಾದರೂ ನೀನು ಇರಬೇಕು.

ಅಣ್ಣ


ಕಿರಂಗೂರು
೧೧ ಫೆಬ್ರವರಿ ೨೦೨೪

ಅಣ್ಣ,

ರಿಪೋರ್ಟು ನಿನ್ನೆ ಕೈಗೆ ಬಂತು. ಕ್ಯಾಮೆರಾ ಬಿಟ್ಟಾಗ ತೆಗೆದ ಗಂಟು ಎರಡು. ಒಂದು ಸುಮ್ಮನೆ ಇದ್ದದ್ದು. ಇನ್ನೊಂದು ಕೆಡುವ ದಾರಿ ಹಿಡಿದಿತ್ತು, ಇನ್ನೂ ಕೆಟ್ಟಿರಲಿಲ್ಲ. ನಾಲ್ಕೈದು ವರ್ಷ ಹಾಗೇ ಬಿಟ್ಟಿದ್ದರೆ ನಿಮ್ಮ ಅಣ್ಣನ ಜಾಗಕ್ಕೆ ಬರುತ್ತಿದ್ದಿರಿ ಎಂದರು ಡಾಕ್ಟರಮ್ಮ. ಎರಡನ್ನೂ ಬುಡಸಮೇತ ತೆಗೆದಿದ್ದಾರೆ. ಪ್ರತಿ ವರ್ಷ ಬಂದು ನೋಡಿಸಿಕೊಳ್ಳಬೇಕು, ಬದುಕಿರುವವರೆಗೂ. ಕಾಗದವನ್ನು ಕೈಯಲ್ಲಿ ಹಿಡಿದು ಬಸ್‌ಸ್ಟಾಂಡಿನಲ್ಲಿ ಮೂರು ಬಸ್ಸು ಬಿಟ್ಟೆ.

ಅವತ್ತು ನೀನು ಹೊರಗೆ ಕೂತಿದ್ದಾಗ ಒಳಗೆ ಏನಾಯಿತೆಂದು ನಿನಗೆ ಹೇಳಿಲ್ಲ. ಮಂಪರಿನ ಇಂಜೆಕ್ಷನ್ ಕೊಡುವ ಮೊದಲು ನರ್ಸಮ್ಮ ಒಂದು ಹಾಳೆ ತುಂಬಿಸುತ್ತಿದ್ದಳು, ಚಿಕ್ಕ ಹುಡುಗಿ. ತಾಯಿಗೆ ಎಷ್ಟನೇ ವಯಸ್ಸಿನಲ್ಲಿ ಎಂದಳು. ಹೇಳಿದೆ. ಅದು ಯಾರಿಗೆ ಗೊತ್ತಿತ್ತು ಎಂದಳು. ನನಗೆ ಎಂದೆ. ಒಮ್ಮೆಗೆ ಕೇಳಿಸಲಿಲ್ಲವೇನೋ, ಯಾರಿಗೆ ಎಂದು ಮತ್ತೆ ಕೇಳಿದಳು. “ನಂಗ್ ಗೊತ್ತಿತ್ತು. ಯಾರ್ಗೂ ಏಳ್ಲಿಲ್ಲ” ಎಂದು ಜೋರಾಗಿಯೇ ಹೇಳಿದೆ. ಹುಡುಗಿ ತಲೆ ಎತ್ತಲಿಲ್ಲ. ಅದನ್ನು ಬರೆದುಕೊಂಡು, ಬಿ.ಪಿ. ಶುಗರ್ ಇದೆಯಾ ಎಂದು ಮುಂದಿನ ಪ್ರಶ್ನೆ ಕೇಳಿದಳು. ಹದಿನಾರು ವರ್ಷ ನಾನು ಹೆದರಿದ್ದು ಆ ಒಂದು ಗೆರೆಗೆ.

ಮೈಸೂರಿನಿಂದ ವಾಪಸು ಬರುವಾಗ ನೀನು ಇಡೀ ದಾರಿ ಮಾತಾಡಲಿಲ್ಲ. ಮಾತಾಡು ಎಂದು ನಾನೂ ಕೇಳಲಿಲ್ಲ. ಮಧ್ಯೆ ಒಮ್ಮೆ ನನಗೆ ತಲೆ ಸುತ್ತಿದಾಗ ನಿನ್ನ ಭುಜ ಕೊಟ್ಟೆ, ನಾನು ಒರಗಿಕೊಂಡೆ, ಅಷ್ಟೇ. ಮೂಳೆ ಚುಚ್ಚುತ್ತಿತ್ತು. ಇನ್ನೂ ತೂಕ ಬರಬೇಕು ನಿನಗೆ.

ಗಿರೀಶನನ್ನು, ಅವರಪ್ಪನನ್ನು ನಿನ್ನೆ ಸಂಜೆ ಕೂರಿಸಿಕೊಂಡು ಎಲ್ಲ ಹೇಳಿದೆ. ತೊಟ್ಟಿಲ ಹತ್ತಿರ ನಡೆದದ್ದನ್ನೂ ಹೇಳಿದೆ. ಗಿರೀಶ, ನನಗೂ ಬರುತ್ತಾ ಎಂದು ಕೇಳಿದ. ಬರಬಹುದು ಎಂದೆ.

ಧನುಶ್ರೀಗೆ ನೀವಿಬ್ಬರೂ ಇನ್ನೂ ಹೇಳಿಲ್ಲವೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಇಪ್ಪತ್ತು ವರ್ಷದ ಹುಡುಗಿ, ಮದುವೆಯ ಮಾತು ನಡೆಯುತ್ತಿದೆ, ಈಗಲೇ ಯಾಕೆ ಹೆದರಿಸುವುದು ಎಂದರು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಆ ಮಾತು ಹೇಗೆ ಬಾಯಿಗೆ ಬರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಬರುವ ಭಾನುವಾರ ಹದಿನೆಂಟಕ್ಕೆ ಬೆಳಿಗ್ಗೆಯೇ ಬರುತ್ತೇನೆ. ಅವಳು ಎಲ್ಲಿಗೂ ಹೋಗದೆ ಮನೆಯಲ್ಲಿರಲಿ. ನಾನೇ ಹೇಳುತ್ತೇನೆ, ಅವಳ ಅಜ್ಜಿ ಪುಟ್ಟಲಕ್ಷ್ಮಮ್ಮನಿಂದ ಶುರುಮಾಡಿ. ನೀನೂ ಪಕ್ಕದಲ್ಲಿ ಕೂತುಕೋ. ಕೇಳಿಸದಿದ್ದರೆ ಜೋರಾಗಿ ಹೇಳು ಎನ್ನು. ಹೇಳುತ್ತೇನೆ.

ನಿನ್ನ ತಂಗಿ
ಪ್ರಮೀಳಾ